ಬಿಳಿ ಡಬ್ಬಿಯ ವಿಳಾಸ

ಅಕ್ಕ ತೀರಿಹೋಗಿ ಹತ್ತು ತಿಂಗಳಾದ ಮೇಲೆ ಅವಳ ಹೆಸರಿಗೆ ಒಂದು ಇ-ಮೇಲ್ ಬಂತು. ಅವಳ ಜಾಲತಾಣದ ಹೆಸರನ್ನು ನೋಂದಾಯಿಸಿಕೊಂಡಿದ್ದ ಸಣ್ಣ ಕಂಪನಿ ಬಾಗಿಲು ಹಾಕುತ್ತಿದೆ, ಎರಡು ತಿಂಗಳೊಳಗೆ ಆ ಹೆಸರನ್ನು ಬೇರೆ ಕಂಪನಿಗೆ ಸಾಗಿಸಿಕೊಳ್ಳಬೇಕು, ತಪ್ಪಿದರೆ ಹೆಸರು ಕೈಬಿಟ್ಟು ಹೋಗಬಹುದು ಎಂದು ಅದರಲ್ಲಿತ್ತು. ಇಷ್ಟು ವರ್ಷ ಜೊತೆಗಿದ್ದುದಕ್ಕೆ ಅವಳಿಗೆ ಕೃತಜ್ಞತೆಯನ್ನೂ ಹೇಳಿದ್ದರು.

ಅಕ್ಕನ ಮೇಲ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡುವುದು ನನಗೆ ಅಭ್ಯಾಸವಾಗಿತ್ತು. ಪಾಸ್‌ವರ್ಡ್ ಗೊತ್ತಿತ್ತು, ಮಾಡಿಕೊಟ್ಟವಳೇ ನಾನು. ಹೀಗೆ ನೋಡುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಬರುತ್ತಿದ್ದುದೆಲ್ಲ ದಾರದ ಅಂಗಡಿಗಳ ಜಾಹೀರಾತು. ಅವನ್ನೂ ಅಳಿಸದೆ ಬಿಟ್ಟಿದ್ದೆ.

ಅಕ್ಕ ಕಸೂತಿ ಹಾಕುತ್ತಿದ್ದಳು. ಬಾದಾಮಿಯ ನಮ್ಮ ಮನೆಯಲ್ಲಿ ಅವ್ವನ ಮಗ್ಗುಲಲ್ಲಿ ಕೂತು ಕಲಿತದ್ದು. ಇಳಕಲ್ಲಿನ ನೇಕಾರರ ಮನೆಗೆ ಮದುವೆಯಾಗಿ ಹೋದ ಮೇಲೆ ಗಂಡ ನೇಯ್ದ ಸೀರೆಗಳ ಸೆರಗಿಗೆ ಹಾಕತೊಡಗಿದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಆ ಎಣಿಕೆಗಳನ್ನು ಅವಳು ಚೌಕುಳಿ ಹಾಳೆಯ ಮೇಲೆ ಚುಕ್ಕೆಯಿಟ್ಟು ಬಿಡಿಸುತ್ತಿದ್ದಳು: ಗೋಪುರ, ತೊಟ್ಟಿಲು, ಆನೆ, ಜೋಡಿ ನವಿಲು. ಪ್ರತಿ ಹಾಳೆಯ ಕೆಳಗೆ ಒಂದೆರಡು ಸಾಲು ತಾನು ಮಾತಾಡುವಂತೆಯೇ ಬರೆಯುತ್ತಿದ್ದಳು. ಆನೆಯ ಹಾಳೆಯ ಕೆಳಗೆ ಹೀಗಿದೆ: “ಹದಿಮೂರನೇ ಎಳಿಗೆ ಎಲ್ಲಾರೂ ಎಡವತಾರ. ನಾನೂ ಎಡವೇನಿ. ಬಿಚ್ಚಿ ಹೊಳ್ಳಿ ಹಾಕ್ರಿ, ನಾಚಬ್ಯಾಡ್ರಿ.”

ಈ ಹಾಳೆಗಳ ಫೋಟೋಗಳನ್ನು ಮೊದಲು ಯಾವುದೋ ಉಚಿತ ತಾಣದಲ್ಲಿ ಇಟ್ಟಿದ್ದಳು. ಒಂದು ದಿನ ಆ ತಾಣವೇ ಇಲ್ಲವಾಯಿತು. ಆಗ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಫೋನ್ ಮಾಡಿ ಹೇಳಿದಳು, “ಮಂದಿ ಮನ್ಯಾಗ ನನ್ನ ಗಂಟು ಯಾಕ ಇಡಬೇಕ? ನನ್ನ ಮನ್ಯಾಗ ಇಡೂದ ಆಗಂಗಿಲ್ಲೇನ? ಇಷ್ಟೆಲ್ಲ ಓದಾಕತ್ತಿ, ಇದೊಂದು ಗೊತ್ತಿಲ್ಲೇನ ನಿನಗ?”

ಗೊತ್ತಿತ್ತು. ಆ ದೀಪಾವಳಿಯ ರಜೆಯಲ್ಲಿ ಯಾರೋ ಹಳೆಯದಾಯಿತೆಂದು ಮಾರಿದ ಒಂದು ಪುಟ್ಟ ಬಿಳಿ ಕಂಪ್ಯೂಟರನ್ನು ಚೀಲದಲ್ಲಿ ಹಾಕಿಕೊಂಡು ಇಳಕಲ್ಲಿಗೆ ಹೋದೆ. ಮಗ್ಗದ ಕೋಣೆಯಲ್ಲಿ ನೂಲಿನ ಲಡಿಗಳ ಮೇಲಿನ ಹಲಗೆಯಲ್ಲಿ ಅದನ್ನು ಇಟ್ಟೆವು, ಪಕ್ಕದಲ್ಲಿ ಇಂಟರ್ನೆಟ್ಟಿನ ಕರಿ ರೌಟರ್. ಅಕ್ಕ ತನ್ನ ಫೋನಿನಿಂದಲೇ ಹೆಸರು ನೋಂದಾಯಿಸಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಜೆ ಹೊತ್ತಿಗೆ ಅವಳ ಆನೆ ನನ್ನ ಫೋನಿನಲ್ಲಿ ಕಾಣಿಸಿತು. ಆ ಆನೆ ಬರುತ್ತಿದ್ದುದು ತಲೆಯ ಮೇಲಿನ ಹಲಗೆಯಿಂದ ಎಂದು ಅವಳಿಗೆ ನಂಬಿಸಲು ನಾನು ಡಬ್ಬಿಯ ವೈರ್ ಕಿತ್ತು ತೋರಿಸಬೇಕಾಯಿತು. ಆನೆ ಹೋಯಿತು. ವೈರ್ ಹಾಕಿದೆ, ಬಂತು. ಅವಳು ನಗುತ್ತ ನಾಲ್ಕೈದು ಸಲ ಕಿತ್ತು ಹಾಕಿಸಿದಳು.

ಮುಂದಿನದು ಅರ್ಥವಾಗಲು ಒಂದು ಮಾತು ಹೇಳಬೇಕು. ಜಾಲತಾಣದ ಹೆಸರಿಗೆ ಎರಡು ಬಗೆಯ ಕಾವಲುಗಾರರಿರುತ್ತಾರೆ. ಒಬ್ಬರು ಹೆಸರನ್ನು ನೋಂದಾಯಿಸುವವರು. ಈ ಹೆಸರು ಇಂಥವರದು ಎಂದು ಬರೆದಿಟ್ಟುಕೊಳ್ಳುತ್ತಾರೆ. ಇನ್ನೊಬ್ಬರು, ಯಾರಾದರೂ ಆ ಹೆಸರನ್ನು ಕೇಳಿದಾಗ ಅದು ಇಂಥ ವಿಳಾಸದಲ್ಲಿದೆ ಎಂದು ದಾರಿ ಹೇಳುವವರು; ಆ ಕೆಲಸಕ್ಕೆ ಡಿಎನ್ಎಸ್ ಎನ್ನುತ್ತಾರೆ. ವಿಳಾಸ ಎಂದರೆ ಒಂದು ಸಂಖ್ಯೆ. ಮನೆಯ ಇಂಟರ್ನೆಟ್ಟಿನಲ್ಲಿ ಈ ಸಂಖ್ಯೆ ನಿಲ್ಲುವುದಿಲ್ಲ. ಕರೆಂಟ್ ಹೋಗಿ ಬಂದರೆ ಬೇರೆಯದಾಗುತ್ತದೆ. ಅದಕ್ಕಾಗಿ ಬಿಳಿ ಡಬ್ಬಿಯಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದಿಟ್ಟಿದ್ದೆ. ಐದು ನಿಮಿಷಕ್ಕೊಮ್ಮೆ ಅದು ದಾರಿ ಹೇಳುವ ಕಂಪನಿಗೆ ನಾನೀಗ ಈ ಸಂಖ್ಯೆಯಲ್ಲಿದ್ದೇನೆ ಎಂದು ತಿಳಿಸುತ್ತಿತ್ತು. ಅಕ್ಕನ ವಿಷಯದಲ್ಲಿ ಎರಡೂ ಕೆಲಸ ಮಾಡುತ್ತಿದ್ದುದು ಆ ಒಂದೇ ಸಣ್ಣ ಕಂಪನಿ.

ಅಕ್ಕ ಡೆಂಗಿ ಬಂದು ಐದನೆಯ ದಿನ ಹೋದಳು. ಅವಳ ಮಗಳಿಗೆ ಮೂರು ತುಂಬಿತ್ತು. ತಿಂಗಳು ಕಳೆದ ಮೇಲೆ ಬಾದಾಮಿಯ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಸೋದರಮಾವ ನನ್ನ ಕಡೆ ನೋಡದೆ ಹೇಳಿದ: “ಕೂಸಿಗೆ ಅವ್ವ ಬೇಕು. ಹೊರಗಿನಾಕಿ ಬಂದು ನೋಡೂದಕ್ಕೂ ಸ್ವಂತ ಸಣ್ಣವ್ವ ನೋಡೂದಕ್ಕೂ ಫರಕ ಐತಿ. ಇಕಿಗೂ ವಯಸ್ಸಾತು.” ನಮ್ಮಲ್ಲಿ ಇದು ಹೊಸದಲ್ಲ, ಅಕ್ಕ ಸತ್ತರೆ ತಂಗಿಯನ್ನು ಕೇಳುವುದು. ಅಕ್ಕನ ಗಂಡ ತಲೆ ತಗ್ಗಿಸಿ ಕೂತಿದ್ದ. ಒಳ್ಳೆಯ ಮನುಷ್ಯ. ಅವನನ್ನು ನಾನು ಹನ್ನೆರಡನೆಯ ತರಗತಿಯಿಂದ ಮಾಮಾ ಎಂದು ಕರೆದವಳು. “ನಾ ಒಲ್ಲೆ” ಎಂದೆ. ಒಂದೇ ಸಲ ಹೇಳಿದೆ. ಕಾರಣ ಕೇಳಿದರು, ಹೇಳಲಿಲ್ಲ. ಅವಳ ಸೀರೆಗಳ ನಡುವೆ, ಅವಳ ಹಾಸಿಗೆಯಲ್ಲಿ, ಅವಳ ಮಗಳ ಬಾಯಲ್ಲಿ ಅವ್ವನಾಗಿ ನನ್ನನ್ನು ನೆನೆಸಿಕೊಳ್ಳಲು ಆಗಲಿಲ್ಲ. ಅದನ್ನು ಹೇಳುವ ಮಾತು ಆಗ ನನ್ನಲ್ಲಿರಲಿಲ್ಲ, ಈಗಲೂ ಸರಿಯಾಗಿ ಇಲ್ಲ.

ಆರು ತಿಂಗಳಿಗೆ ಅವನಿಗೆ ಹುನಗುಂದದ ಕಡೆಯ ಹಳ್ಳಿಯಿಂದ ಹೆಣ್ಣು ತಂದರು. ಎರಡನೆಯವಳಾಗಿ ಬಂದವಳಿಗೆ ಸತ್ತ ಮೊದಲನೆಯವಳ ತವರೇ ತವರು ಎನ್ನುವುದು ವಾಡಿಕೆ. ಅದರಂತೆ ಅವ್ವ ಅವಳಿಗೆಂದು ಗುಳೇದಗುಡ್ಡದ ಕುಪ್ಪಸದ ಖಣ ತಂದು ನನ್ನ ಕೈಯಲ್ಲಿಟ್ಟಳು, “ಮದವಿಗಿ ನಾ ಹೋಗಲಾರೆ, ನೀನರ ಹೋಗಿ ಉಡಿ ತುಂಬಿ ಬಾ.” ನಾನು ಹೋಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಇದೆಯೆಂದೆ, ಇತ್ತು ಕೂಡ. ಖಣ ಬಾಗಲಕೋಟೆಯ ನವನಗರದ ನನ್ನ ಬಾಡಿಗೆ ಕೋಣೆಯ ಕಪಾಟಿನಲ್ಲಿ ಉಳಿಯಿತು.

ಆ ಕೋಣೆಯಲ್ಲಿ ಕೂತು ಕಂಪನಿಯ ಇ-ಮೇಲನ್ನು ಮೂರು ಸಲ ಓದಿದೆ. ಹೊಸಬಳು ಬಂದು ನಾಲ್ಕು ತಿಂಗಳಾಗಿತ್ತು. ಹಳೆಯವಳ ಡಬ್ಬಿಯನ್ನು ಆ ಮನೆಯಲ್ಲಿ ಇನ್ನೆಷ್ಟು ದಿನ ಇಟ್ಟುಕೊಂಡಾರು? ಹಲಗೆ ಬೇಕಾದಾಗ ಯಾರಾದರೂ ತೆಗೆದು ಮೂಲೆಗೆ ಹಾಕುತ್ತಾರೆ, ಆನೆಯೂ ತೊಟ್ಟಿಲೂ ಅಲ್ಲಿಗೆ ಮುಗಿಯುತ್ತವೆ. ಹೆಸರನ್ನು ಒಳ್ಳೆಯ ಕಡೆ ಸಾಗಿಸಿ, ಆಮೇಲೆ ಡಬ್ಬಿಯನ್ನೂ ನನ್ನ ಕೋಣೆಗೆ ತಂದುಬಿಡಬೇಕು ಎಂದು ನಿಶ್ಚಯಿಸಿದೆ. ಅಕ್ಕನ ಗಂಡನಿಗೆ ಫೋನ್ ಮಾಡಿ ಹೇಳಿದೆ. “ಒಯ್ಯವಾ, ನಿಮ್ಮಿಬ್ಬರದಽ ಅದು” ಎಂದ.

ಹೊಸ ಕಂಪನಿ ಹುಡುಕಲು ಹನ್ನೆರಡು ದಿನ ತೆಗೆದುಕೊಂಡೆ. ಅಷ್ಟು ಬೇಕಿರಲಿಲ್ಲ. ನನ್ನ ವಿದ್ಯಾರ್ಥಿಗಳಾದರೆ ಒಂದು ತಾಸಿನಲ್ಲಿ ಮುಗಿಸುತ್ತಿದ್ದರು. ಕೆಲವು ಕಂಪನಿಗಳು ಒಡೆಯರ ಮನೆ ವಿಳಾಸ, ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಇಡುತ್ತಿದ್ದವು, ಅವನ್ನು ಬಿಟ್ಟೆ. ಕೆಲವು ಒಳಗೆ ಬರುವುದನ್ನು ಸುಲಭ ಮಾಡಿ ಹೊರಗೆ ಹೋಗುವುದನ್ನು ಕಷ್ಟ ಮಾಡಿದ್ದವು, ಅವನ್ನೂ ಬಿಟ್ಟೆ. ಉಳಿದವುಗಳಲ್ಲಿ ನಾನು ಓದುತ್ತಿದ್ದುದು ಒಂದೇ ಪುಟ: ಖಾತೆದಾರರು ಮರಣ ಹೊಂದಿದರೆ ಏನು ಮಾಡಬೇಕು. ಹೆಚ್ಚಿನವುಗಳಲ್ಲಿ ಆ ಪುಟವೇ ಇರಲಿಲ್ಲ. ಒಂದರಲ್ಲಿ ಕೋರ್ಟಿನ ಕಾಗದಗಳ ಉದ್ದ ಪಟ್ಟಿ ಇತ್ತು. ಒಂದರಲ್ಲಿ ಮಾತ್ರ ಮೊದಲ ಸಾಲು, ನಿಮಗಾದ ನಷ್ಟಕ್ಕೆ ವಿಷಾದಿಸುತ್ತೇವೆ, ಅವಸರವಿಲ್ಲ, ಹೆಸರನ್ನು ನೀವು ಕೇಳುವವರೆಗೆ ಕಾಯ್ದಿಡುತ್ತೇವೆ ಎಂದಿತ್ತು. ಯಾರೋ ಸಂಬಳಕ್ಕೆ ಬರೆದ ಸಾಲು. ಅದನ್ನೇ ಆರಿಸಿದೆ.

ದಾರಿ ಹೇಳುವ ಕೆಲಸವನ್ನು ಬೇಕೆಂದೇ ಇನ್ನೊಂದು ಕಂಪನಿಗೆ ಕೊಟ್ಟೆ. ಎರಡೂ ಒಂದೇ ಕಡೆ ಇದ್ದರೆ ಒಂದು ಬಾಗಿಲು ಮುಚ್ಚಿದಾಗ ಎರಡೂ ಹೋಗುತ್ತವೆ ಎಂಬ ಪಾಠ ಕಣ್ಣೆದುರಿಗಿತ್ತು. ಮನೆಯ ಡಬ್ಬಿ ತಾನಾಗಿಯೇ ಸಂಖ್ಯೆ ತಿಳಿಸಲು ಅಲ್ಲಿ ಅನುಕೂಲವಿತ್ತು; ತಿಳಿಸಿದ ನಿಮಿಷದೊಳಗೆ ಊರಿಗೆಲ್ಲ ಹೊಸ ದಾರಿ ಹೇಳುತ್ತಿದ್ದರು.

ಸಾಗಿಸುವ ಮೊದಲು ಹಳೆಯ ಕಂಪನಿಯವರು ಚಾಟ್‌ನಲ್ಲಿ ಕೇಳಿದರು: ಈ ಹೆಸರಿನ ಒಡೆಯರು ನೀವೇ ತಾನೆ? ಅಕ್ಕನ ಮರಣ ಪ್ರಮಾಣಪತ್ರ ಅವಳ ಗಂಡನ ಬಳಿ ಇತ್ತು. ಕೇಳಿದ್ದರೆ ಕೊಡುತ್ತಿದ್ದ. ಕೇಳುವ ಬದಲು ‘ಹೌದು, ನಾನೇ’ ಎಂದು ಬರೆದೆ. ಅವರು ಅಕ್ಕನ ಹೆಸರು ಹಿಡಿದು ಧನ್ಯವಾದ ಹೇಳಿ, ಹೆಸರು ಸಾಗಿಸಲು ಬೇಕಾದ ಸಂಕೇತಾಕ್ಷರ ಕಳಿಸಿದರು. ಪಡಸಾಲೆಯಲ್ಲಿ ಅಷ್ಟು ಜನರೆದುರು ಆಗದು ಎಂದದ್ದನ್ನು, ಯಾರೂ ಕಾಣದ ಕಡೆ ಎರಡು ಪದದಲ್ಲಿ ಮಾಡಿಬಿಟ್ಟಿದ್ದೆ. ಲ್ಯಾಪ್‌ಟಾಪ್ ಮುಚ್ಚಿ ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಒಂದು ವಾರಕ್ಕೆ ಹೆಸರು ಹೊಸ ಕಂಪನಿಗೆ ಬಂತು. ಇಳಕಲ್ಲಿನ ಮನೆಯ ಆವತ್ತಿನ ಸಂಖ್ಯೆಯನ್ನು ಹಳೆಯ ಕಡೆಯಿಂದ ನೋಡಿ ಹೊಸ ಕಡೆ ಬರೆದೆ. ಪುಟ ತೆರೆದು ನೋಡಿದೆ, ಆನೆ ಇತ್ತು. ಹಳೆಯ ಖಾತೆ ಮುಚ್ಚಲು ಇನ್ನೂ ಐದು ವಾರ ಸಮಯವಿದ್ದರೂ ಅಂದೇ ಮುಚ್ಚಿದೆ. ಕೆಲಸ ಮುಗಿದ ಮೇಲೆ ಹಿಂದಿನದರ ಚೂರು ಉಳಿಯಬಾರದು ಎನ್ನುವುದು ನನ್ನ ಸ್ವಭಾವ. ಅಕ್ಕ ಅದಕ್ಕೇ ನನ್ನನ್ನು ಕಸಬರಿಗಿ ಎಂದು ಕರೆಯುತ್ತಿದ್ದಳು.

ಮಾರನೆಯ ದಿನ ಇಳಕಲ್ಲಿನಲ್ಲಿ ಕರೆಂಟ್ ಹೋಗಿ ಬಂತು. ಮನೆಯ ಸಂಖ್ಯೆ ಬದಲಾಯಿತು. ಬಿಳಿ ಡಬ್ಬಿ ತನ್ನ ಪಾಲಿನ ಕೆಲಸ ಮಾಡಿತು, ಹೊಸ ಸಂಖ್ಯೆ ತಿಳಿಸಿತು. ತಿಳಿಸಿದ್ದು ನಾನು ಮುಚ್ಚಿದ ಹಳೆಯ ಖಾತೆಗೆ. ಇನ್ನು ಮೇಲೆ ಹೊಸ ಕಂಪನಿಗೆ ಹೇಳು ಎಂದು ಡಬ್ಬಿಗೆ ಹೇಳುವುದನ್ನೇ ನಾನು ಮರೆತಿದ್ದೆ. ಪುಟ ಹೋಯಿತು. ಹೆಸರಿನ ಮೂಲಕವೇ ದೂರದಿಂದ ಆ ಡಬ್ಬಿಯೊಳಗೆ ಹೋಗುತ್ತಿದ್ದವಳು ನಾನು. ಈಗ ಹೆಸರಿಗೆ ದಾರಿಯಿಲ್ಲ, ಸಂಖ್ಯೆ ನನಗೆ ಗೊತ್ತಿಲ್ಲ. ಡಬ್ಬಿ ಅಲ್ಲೇ ಇತ್ತು, ಅದರ ದೀಪ ಉರಿಯುತ್ತಿತ್ತು, ಐದು ನಿಮಿಷಕ್ಕೊಮ್ಮೆ ಯಾರೂ ಇಲ್ಲದ ಕಡೆಗೆ ಕೂಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಬಾಗಲಕೋಟಿ ತಂಗ್ಯಾರೇನ್ರಿ?”

“ಯಾರ್ರಿ?”

“ನಾನ್ರಿ, ಇಳಕಲ್ಲಿಂದ. ನಿಮಗ ಏನಂತ ಕರೀಬೇಕೋ ತಿಳೀವಲ್ದು, ಅದಕ ತಂಗ್ಯಾರ ಅಂದೆ, ಸಿಟ್ಟಾಗಬ್ಯಾಡ್ರಿ. ಅಕ್ಕನ ಪುಟ ಬರವಲ್ದು ನೋಡ್ರಿ. ನಿನ್ನಿಯಿಂದ. ನಾ ಡಬ್ಬಿ ಬರೋಬರಿ ಚಾಲು ಮಾಡೇನ್ರಿ. ಕರೀದು ಮೊದಲ, ಎರಡು ಮಿನಿಟು ತಡದು ಬಿಳೀದು. ಹಸರ ದೀಪ ಹತ್ತೇತಿ. ಆದ್ರೂ ಬರವಲ್ದು. ನಾ ಏನರ ಕೆಡಿಸಿದ್ನೇನೋ ಅಂತ ಮುಂಜಾನಿಂದ ಕೂಳ ಸೇರವಲ್ದು.”

ಆ ಹೊಸಬಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಬಿಳಿ ಡಬ್ಬಿಗೆ ಕರೆಂಟ್ ಹೋಗಿ ಬಂದಾಗ ತಾನಾಗಿ ಎದ್ದುಕೊಳ್ಳಲು ಬರುವುದಿಲ್ಲ, ಯಾರಾದರೂ ಗುಂಡಿ ಒತ್ತಬೇಕು. ಅದು ಎಷ್ಟು ಹೊತ್ತಿಗೆ ನಿಂತು ಎಷ್ಟು ಹೊತ್ತಿಗೆ ಎದ್ದಿತು ಎಂಬುದರ ದಾಖಲೆಯನ್ನು ನಾನು ದಿನವೂ ನೋಡುತ್ತಿದ್ದೆ. ನಾಲ್ಕು ತಿಂಗಳಿಂದ ಅದು ಹತ್ತು ನಿಮಿಷಕ್ಕಿಂತ ಹೆಚ್ಚು ಮಲಗಿರಲಿಲ್ಲ. ಅಕ್ಕನ ಗಂಡ ಒತ್ತುತ್ತಾನೆ ಎಂದುಕೊಂಡಿದ್ದೆ.

“ನೀವೇನೂ ಕೆಡಿಸಿಲ್ಲ. ಕೆಡಿಸಿದಾಕಿ ನಾನು” ಎಂದೆ.

“ಹೌದೇನ್ರಿ?” ಅವಳ ದನಿಯಲ್ಲಿ ಉಸಿರು ಬಂತು. “ಸದ್ಯ! ನೀವು ಕೆಡಿಸಿದ್ರ ಚಿಂತಿಲ್ಲ, ನಿಮಗ ಸರಿ ಮಾಡಾಕ ಬರತೈತಿ.”

ಸಂಖ್ಯೆಯನ್ನು ಫೋನಿನಲ್ಲೇ ಕೇಳಿ ತಿಳಿದು ಅಲ್ಲಿಂದಲೇ ಸರಿಮಾಡಬಹುದಿತ್ತು. ಹೇಗೂ ಡಬ್ಬಿ ತರಲು ಹೋಗುವುದಿದೆ ಎಂದು ನನಗೆ ನಾನೇ ಹೇಳಿಕೊಂಡು, ಭಾನುವಾರ ಬರುತ್ತೇನೆ ಎಂದೆ. ಡಬ್ಬಿ ತುಂಬುವಷ್ಟು ದೊಡ್ಡ ಚೀಲ ತೆಗೆದುಕೊಂಡೆ. ತಳಕ್ಕೆ ಅವ್ವನ ಖಣ ಹಾಕಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಮಗುವಿಗೆ ಕರದಂಟು ಕೊಂಡೆ. ಹುನಗುಂದ ದಾಟುವವರೆಗೂ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ.

ಕಟ್ಟೆಯ ಮೇಲೆ ಅಕ್ಕನ ಅತ್ತೆ ಕೂತಿದ್ದಳು. ಚೀಲವನ್ನೂ ನನ್ನನ್ನೂ ನೋಡಿದಳು.

“ಬಾರವಾ ದೊಡ್ಡಾಕಿ. ಬಾ ಅಂತ ಹತ್ತು ಮಂದಿ ಕರದಾಗ ಬರಲಿಲ್ಲ, ಈಗ ಡಬ್ಬಿ ಒಯ್ಯಾಕ ಬಂದಿ ಏನ?”

“ಹೂಂ ಅತ್ತಿ” ಎಂದೆ.

“ಹೂಂ ಅಂತ ನೋಡು! ಮೋತಿ ಮ್ಯಾಲ ಒಂದು ಗೆರಿ ಹಂದಂಗಿಲ್ಲ ಇಕಿದು. ಅಕಿ ನಗತಿದ್ಲು, ಅಳತಿದ್ಲು, ನನ್ನ ಕೂಡ ಜಗಳಾನೂ ಆಡತಿದ್ಲು. ನೀ ಒಂದು ಕಲ್ಲ ಹುಟ್ಟಿದಿ.” ಬಯ್ಯುತ್ತಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹಿಡಿತ ಬಿಗಿಯಾಗಿತ್ತು.

ಮಗ್ಗದ ಕೋಣೆಯಲ್ಲಿ ಹೊಸಬಳು ನೆಲಕ್ಕೆ ಕೂತಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಬೆರಳಿಗೆ ಬೂದಿ ಹತ್ತಿತ್ತು, ಏಳಲು ಹೋದಳು, ಎಳೆಗಳು ಕೈಯಲ್ಲಿದ್ದುದರಿಂದ ಏಳಲಾಗಲಿಲ್ಲ. ಕೊರಳಲ್ಲಿ ತಾಳಿಯ ಪಕ್ಕಕ್ಕೆ ಬೆಳ್ಳಿಯ ಸಣ್ಣ ಬಿಲ್ಲೆ, ಅದರ ಮೇಲೆ ಹೆಣ್ಣಿನ ಮುಖ. ಸತ್ತ ಮೊದಲನೆಯವಳ ಹೆಸರಿನಲ್ಲಿ ಎರಡನೆಯವಳು ಕಟ್ಟಿಕೊಳ್ಳುವಂಥದು; ನೋಡಬಾರದು ಎಂದುಕೊಂಡಿದ್ದರೂ ನೋಡಿದೆ. ಅಕ್ಕನಿಗೆ ಹೋಲುತ್ತಿರಲಿಲ್ಲ. ಅಕ್ಕಸಾಲಿಗರ ಬಳಿ ಎಲ್ಲರಿಗೂ ಒಂದೇ ಅಚ್ಚು ಇರುತ್ತದೆ.

ಹಲಗೆಯ ಮೇಲೆ ಡಬ್ಬಿ ಇತ್ತು. ಧೂಳು ಇರಲಿಲ್ಲ. ಗೋಡೆಗೆ ಅಕ್ಕನ ಅಕ್ಷರದ ಚೀಟಿ: “ಕರೆಂಟ್ ಬಂದ ಮ್ಯಾಲ ಮೊದಲ ಕರೀದು. ಎರಡು ಮಿನಿಟು ತಾಳ. ಆಮ್ಯಾಲ ಬಿಳೀದು. ಗಡಿಬಿಡಿ ಬ್ಯಾಡ.” ಚೀಟಿಯ ಅಂಚು ಸುಲಿದ ಕಡೆ ಯಾರೋ ಹೊಸದಾಗಿ ಟೇಪು ಹಚ್ಚಿದ್ದರು. ನಾನು ಡಬ್ಬಿಯತ್ತ ಕೈಚಾಚಿದಾಗ ಬಾಗಿಲಲ್ಲಿ ನಿಂತಿದ್ದ ಮಗು ಹೇಳಿತು, “ಮುಟ್ಟಬ್ಯಾಡ. ಅವ್ವ ಬೈತಾಳ.” ಯಾವ ಅವ್ವ ಎಂದು ನಾನು ಕೇಳಲಿಲ್ಲ.

“ಬೈಯಂಗಿಲ್ಲ ಬಂಗಾರಾ, ಸಣ್ಣವ್ವ ಅಕಿ, ಡಬ್ಬಿ ಮಾಡಿದಾಕೀನ ಅಕಿ” ಎಂದಳು ನೆಲಕ್ಕೆ ಕೂತವಳು. ಆಮೇಲೆ ನನಗೆ, “ಏನಾಗಿತ್ರಿ ಅದಕ?”

ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡುತ್ತಲೇ ಹೇಳಿದೆ. ಹಳೆಯ ಕಂಪನಿ, ಹೊಸ ಕಂಪನಿ, ಸಂಖ್ಯೆ, ನಾನು ಅವಸರದಿಂದ ಹಳೆಯದನ್ನು ಮುಚ್ಚಿದ್ದು. ಅವಳು ಕೇಳುತ್ತಲೇ ಕೈಕೆಲಸ ಮುಂದುವರಿಸಿದ್ದಳು. ಮಗ್ಗದಲ್ಲಿ ಒಂದು ಹಾಸು ನೇಯ್ದು ಮುಗಿದಾಗ ಅದನ್ನು ಪೂರ್ತಿ ಕತ್ತರಿಸುವುದಿಲ್ಲ. ಎಳೆಗಳ ತುದಿಯನ್ನು ಮೊಳದಷ್ಟು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಬೂದಿ ಬೆರಳಿನಿಂದ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಅವಳು ತವರಿನಲ್ಲಿ ಇದ್ದಾಗಿನಿಂದ ಮಾಡುತ್ತಿದ್ದುದು ಇದೇ ಕೆಲಸ.

“ತುದಿ ಬಿಡದ ಕತ್ತರಿಸಿದ್ರೇನ್ರಿ?” ಎಂದಳು, ಆಶ್ಚರ್ಯದಿಂದ. “ಓದಿದವರು ಅದೀರಿ! ಹಳೇ ತುದಿ ಇಲ್ಲಾಂದ್ರ ಹೊಸಾದು ಯಾವುದಕ್ಕ ಕೆಚ್ಚೂದ್ರಿ?” ತಕ್ಷಣ ಹೆಚ್ಚು ಮಾತಾಡಿದೆನೆಂದು ನಾಲಿಗೆ ಕಚ್ಚಿಕೊಂಡಳು.

ನಾನು ನಕ್ಕೆ. ಹತ್ತು ಹನ್ನೊಂದು ತಿಂಗಳಲ್ಲಿ ಆ ಮನೆಯವರೆದುರು ಮೊದಲ ಸಲ. ಹೊರಗಿನಿಂದ ಅತ್ತೆ ಕೂಗಿದಳು, “ಕಲ್ಲು ನಕ್ತೇನ? ಮಳಿ ಬರತೈತಿ ಬಟ್ಟಿ ತಗೀರಿ!”

ಡಬ್ಬಿಗೆ ಹೊಸ ಕಂಪನಿಯ ಗುರುತು ಕೊಟ್ಟು ನಿಮಿಷ ಆಗಿರಲಿಲ್ಲ, ಅವಳ ಫೋನಿನಲ್ಲಿ ಪುಟ ಬಂತು. ಬೂದಿ ಕೈಯನ್ನು ಸೆರಗಿಗೆ ಒರೆಸಿ ಫೋನ್ ಹಿಡಿದುಕೊಂಡಳು. ಬಟ್ಟೆಯ ಗಂಟಿನಿಂದ ಒಂದು ತುಂಡು ತೆಗೆದು ತೋರಿಸಿದಳು. ಅರ್ಧ ಆನೆ. “ದಿನಾ ಒಂದು ಸಾಲು ಹಾಕ್ತೇನ್ರಿ. ಮನ್ಯಾಗ ಯಾರೂ ನನಗ ಅಕ್ಕನ ಸುದ್ದಿ ಹೇಳಂಗಿಲ್ಲ. ಕೇಳಿದ್ರ ಅತ್ತಿ ಅಳತಾರ, ಇವರು ಎದ್ದು ಹೊರಗ ಹೋಗತಾರ. ಇದರಾಗ ಒಂದ ಅಕ್ಕ ನನ್ನ ಕೂಡ ಮಾತಾಡತಾಳ. ನಾಚಬ್ಯಾಡ್ರಿ ಅಂದಾಳ ನೋಡ್ರಿ ಇಲ್ಲೆ. ನಾ ಹದಿಮೂರನೇ ಎಳಿಗೆ ಮೂರು ಸಲ ಬಿಚ್ಚೇನಿ.” ನನ್ನ ಚೀಲ ನೋಡಿದಳು. “ಒಯ್ತೀರೇನ್ರಿ ಇದನ್ನ?”

ಒಯ್ಯಬೇಕೆಂದೇ ಬಂದವಳು ನಾನು. ಡಬ್ಬಿ ನನ್ನ ಕೋಣೆಯಲ್ಲಿದ್ದರೆ ಕರೆಂಟ್ ಹೋದರೂ ನಿಲ್ಲದಂತೆ ಮಾಡಬಲ್ಲೆ, ಅವಳಿಗಿಂತ ಚೆನ್ನಾಗಿ ಕಾಯಬಲ್ಲೆ, ಪುಟ ಅವಳ ಫೋನಿಗೂ ಬಂದೇ ಬರುತ್ತದೆ. ಹೇಳಬೇಕಾದುದೆಲ್ಲ ಸಿದ್ಧವಿತ್ತು. ಆದರೆ ನಾಲ್ಕು ತಿಂಗಳು ಚೀಟಿ ನೋಡಿ ಗುಂಡಿ ಒತ್ತಿದವಳು ಅವಳು. ನಾನು ಒಲ್ಲೆ ಎಂದ ಮನೆಗೆ ಬಂದವಳು. ಅಕ್ಕ ಡಬ್ಬಿ ಇಟ್ಟದ್ದು ತನ್ನ ಮನೆಯಲ್ಲಿ ಇರಲಿ ಎಂದು. ಅವಳ ಮನೆ ಇದು.

“ಇಲ್ಲ, ಇಲ್ಲೇ ಇರಲಿ. ನಿಮ್ಮ ಪೂರ್ತಿ ಹೆಸರು ಹೇಳ್ರಿ” ಎಂದೆ.

ಹೊಸ ಕಂಪನಿಯಲ್ಲಿ ಒಡೆಯರ ಹೆಸರಿನ ಜಾಗದಲ್ಲಿ ಇನ್ನೂ ಅಕ್ಕ ಇದ್ದಳು. ಸತ್ತವರ ಹೆಸರಿನಲ್ಲಿ ಬಹಳ ದಿನ ಇಡುವಂತಿಲ್ಲ. ಬಸ್ಸಿನಲ್ಲಿ ಬರುವಾಗ ಆ ಜಾಗಕ್ಕೆ ನನ್ನ ಹೆಸರನ್ನೇ ಎಣಿಸಿಕೊಂಡಿದ್ದೆ. ಅವಳು ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೇಳಿದಳು. ಆಮೇಲೆ ತ್ರಾಸದಿಂದ ತಿದ್ದಿ, ಈ ಮನೆಯ ಅಡ್ಡಹೆಸರು ಹೇಳಿದಳು. ಅಕ್ಕನದೂ ಅದೇ ಅಡ್ಡಹೆಸರು. ಅವಳ ಫೋನಿಗೆ ಆರು ಅಂಕಿಯ ಒಟಿಪಿ ಬಂತು. ಎಳೆ ಎಣಿಸುವವಳ ಹಾಗೆ ಒಂದೊಂದನ್ನೇ ಬಿಡಿಸಿ ಓದಿದಳು. ತಾಂತ್ರಿಕ ಸಂಪರ್ಕ ಎಂದು ಕೆಳಗೊಂದು ಜಾಗ ಇತ್ತು. ಅಲ್ಲಿ ನನ್ನ ಹೆಸರು ಬರೆದೆ.

ಬಾಗಿಲಲ್ಲಿ ಬಂದು ನಿಂತ ಅತ್ತೆ ಏನು ನಡೆದಿದೆಯೆಂದು ಕೇಳಿ ತಿಳಿದು, “ಮನಿ ಇನ್ನೂ ನನ್ನ ಹೆಸರಿಲೆ ಐತಿ, ಮಗ್ಗ ಮಗನ ಹೆಸರಿಲೆ ಐತಿ, ಗಾಳ್ಯಾಗಿನ ಮನಿ ಮಾತ್ರ ಸೊಸಿ ಹೆಸರಿಲೆ ಆತು ನೋಡು” ಎಂದಳು. ನಗಬೇಕೆಂದು ಹೇಳಿದ ಮಾತು. ಹೇಳಿ ಮುಗಿಸುವಷ್ಟರಲ್ಲಿ ಸೆರಗು ಕಣ್ಣಿಗೆ ಹೋಯಿತು.

ಚೀಲದ ತಳದಿಂದ ಖಣ ತೆಗೆದು ಕೊಟ್ಟೆ. ಅವ್ವ ಕೊಟ್ಟಿದ್ದು, ತಡವಾಯಿತು ಎಂದೆ. ಉಡಿ ತುಂಬಲು ಅಕ್ಕಿ ಅತ್ತೆಯೇ ತಂದಳು. ತುಂಬುವಾಗ ಬೆಳ್ಳಿಯ ಮುಖ ನನ್ನ ಕೈಯ ತೀರ ಹತ್ತಿರಕ್ಕೆ ಬಂತು. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಹೋದಳು, ಹಿಂದೆ ಸರಿದೆ. ಹಿರಿಯಳ ಜಾಗದಲ್ಲಿ ಬಂದವಳು ನನ್ನ ಕಾಲು ಮುಟ್ಟುವಂತಿಲ್ಲ. ಹಾಗೆ ನೋಡಿದರೆ ನಾನೇ ಮುಟ್ಟಬೇಕಿತ್ತು. ಇಬ್ಬರೂ ಮುಟ್ಟಲಿಲ್ಲ. ಅವಳು ಮತ್ತೆ ಎಳೆಗಳ ಮುಂದೆ ಕೂತಳು. ಹೊರಡುವಾಗ ಮಗು ಕರದಂಟಿನ ಬಾಯಿಂದ, “ಸಣ್ಣವ್ವ, ನೀ ಹೊಳ್ಳಿ ಬರತಿ?” ಎಂದು ಕೇಳಿತು. ಬರುತ್ತೇನೆ ಎಂದೆ. ಆ ಮನೆಗೆ ಹೋಗಲು ನನಗಿದ್ದ ಒಂದೇ ಕೆಲಸವನ್ನು ಆಗಷ್ಟೇ ಮುಗಿಸಿದ್ದೆ. ಖಾಲಿ ಚೀಲವನ್ನು ಮಡಚಿ ಲ್ಯಾಪ್‌ಟಾಪಿನ ಬ್ಯಾಗಿನೊಳಗೆ ಹಾಕಿಕೊಂಡೆ.

ಬಾಗಲಕೋಟೆಗೆ ಬಂದು ಸಂಜೆ ಅಕ್ಕನ ಮೇಲ್ ಪೆಟ್ಟಿಗೆ ತೆರೆದೆ. ಹೊಸ ಕಂಪನಿಯಿಂದ ಒಂದು ಪತ್ರ ಬಂದಿತ್ತು. ನಿಮ್ಮ ಹೆಸರಿನಲ್ಲಿದ್ದ ಜಾಲತಾಣದ ಒಡೆತನವನ್ನು ಇಂಥವರಿಗೆ ವರ್ಗಾಯಿಸಲು ಕೋರಿಕೆ ಬಂದಿದೆ. ಇದು ನಿಮ್ಮ ಒಪ್ಪಿಗೆಯಿಂದ ಆಗಿದ್ದರೆ ನೀವು ಏನೂ ಮಾಡಬೇಕಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಐದು ದಿನದೊಳಗೆ ಈ ಕೆಳಗಿನ ಗುಂಡಿ ಒತ್ತಿ ನಿಲ್ಲಿಸಿ. ಪತ್ರದಲ್ಲಿ ಮೊದಲು ಅಕ್ಕನ ಹೆಸರು, ಅದರ ಕೆಳಗೆ ಹೊಸಬಳ ಹೆಸರು, ಎರಡಕ್ಕೂ ಒಂದೇ ಅಡ್ಡಹೆಸರು.

ಇಂಥ ಪತ್ರ ಬರುತ್ತದೆಂದು ನನಗೆ ತಿಳಿದಿರಬೇಕಿತ್ತು. ಹನ್ನೆರಡು ದಿನ ನಿಯಮಗಳನ್ನು ಓದಿದವಳು. ಐದು ದಿನವೂ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಆ ಪತ್ರ ತೆರೆದೆ. ಹಿಂದೊಮ್ಮೆ ಅಕ್ಕನ ಪರವಾಗಿ ಹೌದು ನಾನೇ ಎಂದು ಬರೆದಿದ್ದೆ. ಈ ಸಲ ಅವಳ ಪರವಾಗಿ ಏನೂ ಬರೆಯಲಿಲ್ಲ. ಗುಂಡಿ ಇದ್ದಲ್ಲೇ ಇತ್ತು. ಒತ್ತುವ ಹಕ್ಕಿದ್ದವಳು ಜಗತ್ತಿನಲ್ಲಿ ಒಬ್ಬಳೇ, ಅವಳಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕೊನೆಯ ಪತ್ರ ಬಂತು. ಇನ್ನು ಮುಂದೆ ಈ ಹೆಸರಿನ ಕುರಿತು ನಿಮಗೆ ಯಾವ ಪತ್ರವೂ ಬರುವುದಿಲ್ಲ ಎಂದು ಅಕ್ಕನಿಗೆ ತಿಳಿಸಿದ್ದರು. ಓದಿ, ಉಳಿದವುಗಳ ಹಾಗೆ ಅದನ್ನೂ ಅಳಿಸದೆ ಬಿಟ್ಟು, ಪೆಟ್ಟಿಗೆ ಮುಚ್ಚಿದೆ. ಆಮೇಲೆ ಅಭ್ಯಾಸದಂತೆ ಇಳಕಲ್ಲಿನ ದಾಖಲೆ ನೋಡಿದೆ. ಬೆಳಿಗ್ಗೆ ಆರೂವರೆಗೆ ಕರೆಂಟ್ ಹೋಗಿತ್ತು. ಒಂಬತ್ತು ನಿಮಿಷದ ನಂತರ ಬಿಳಿ ಡಬ್ಬಿ ಎದ್ದು ತನ್ನ ಹೊಸ ಸಂಖ್ಯೆ ತಿಳಿಸಿತ್ತು.